ಷಡ್ಡಕನ ಮ್ಯಾನೇಜರ್

ಕುಷನಣ್ಣನಿಗೆ ಊರಿನ ಫುಟ್‌ಬಾಲ್ ಕ್ಲಬ್ಬಿನ ಹೊಸ ಮ್ಯಾನೇಜರ್ ಮೇಲೆ ಹುಟ್ಟಿದ ಸಿಟ್ಟಿಗೂ ಆ ಮ್ಯಾನೇಜರ್ ಮಾಡಿದ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ಸಂಬಂಧ ಇದ್ದದ್ದು ಕುಷನಣ್ಣನ ಷಡ್ಡಕನಿಗೆ.

ಕುಷನಣ್ಣ ಅಂದರೆ ಫುಟ್‌ಬಾಲ್ ಗ್ರೌಂಡಿನ ಹಿಂದಿನ ಗಲ್ಲಿಯಲ್ಲಿ ಸೋಫಾ ರಿಪೇರಿ ಮಾಡುವವನು. ಅಪ್ಪನ ಕಾಲದಿಂದಲೂ ಅದೇ ಉದ್ಯೋಗ, ಅದೇ ಶೆಡ್ಡು. ಹಳೇ ಬಟ್ಟೆ ಕಿತ್ತು, ಕೂತುಹೋದ ಸ್ಪ್ರಿಂಗ್ ಬದಲಾಯಿಸಿ, ಹೊಸ ಫೋಮು ಹಾಕಿ, ಮೇಲೆ ರೆಕ್ಸಿನ್ನೋ ಬಟ್ಟೆಯೋ ಎಳೆದು ಮೊಳೆ ಹೊಡೆಯುವುದು. ಹಿಂದಿನ ಕಿಟಕಿಯ ಹತ್ತಿರ ಅವನ ಹೆಂಡತಿ ಹೊಲಿಗೆ ಮಿಷನ್ ಹಾಕಿಕೊಂಡು ಕವರ್ ಹೊಲಿಯುತ್ತಿದ್ದಳು. ಶೆಡ್ಡಿನಲ್ಲಿ ಯಾವಾಗಲೂ ನಾಲ್ಕಾರು ಸೋಫಾ, ಕುರ್ಚಿಗಳು ಅರ್ಧಂಬರ್ಧ ಬಿಚ್ಚಿಕೊಂಡು ಬಿದ್ದಿರುತ್ತಿದ್ದವು. ಮ್ಯಾಚ್ ಮುಗಿಸಿ ಬರುವ ಜನಕ್ಕೆ ಕೂತು ಹರಟಲು ಇದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗಬೇಕು? ಒಬ್ಬೊಬ್ಬರಾಗಿ ಬಂದು ಸೇರಿ, ಅದೊಂದು ಅಡ್ಡಾ ಆಯಿತು. ಕುಷನಣ್ಣನ ಹೆಂಡತಿ ಅದಕ್ಕೆ ಅಸೆಂಬ್ಲಿ ಅಂತ ಹೆಸರಿಟ್ಟಿದ್ದಳು.

ಅಸೆಂಬ್ಲಿಯಲ್ಲಿ ದಿನಾ ಬರುವವರು ಸಿಟಿ ಬಸ್ಸಿನ ಕಂಡಕ್ಟರು, ರಿಟೈರ್ ಆದ ಲೆಕ್ಕದ ಮೇಷ್ಟ್ರು, ಜೊತೆಗೆ ಇನ್ನಷ್ಟು ಜನ. ಕಂಡಕ್ಟರಿಗೆ ಇಡೀ ದಿನ ನಿಂತೂ ನಿಂತೂ ಸಾಕಾಗಿರುತ್ತಿತ್ತು, ಒಂಟಿ ಸೋಫಾ ಇದ್ದರೆ ಮೊದಲು ಹೋಗಿ ಅದರಲ್ಲಿ ಬೀಳುತ್ತಿದ್ದ. ಮೇಷ್ಟ್ರಿಗೆ ಕೈ ಇಡಲು ಎರಡೂ ಕಡೆ ಜಾಗ ಬೇಕು. ರಿಪೇರಿ ಮುಗಿದ ಸೋಫಾವನ್ನು ಅದರ ಯಜಮಾನ ಬಂದು ತೆಗೆದುಕೊಂಡು ಹೋದರೆ ಇವರೆಲ್ಲ ಮಗಳನ್ನು ಗಂಡನ ಮನೆಗೆ ಕಳಿಸಿದವರ ಹಾಗೆ ಮುಖ ಮಾಡುತ್ತಿದ್ದರು.

ಕುಷನಣ್ಣ ಕೂರುವುದು ಒಂದು ಕುಳ್ಳು ಸ್ಟೂಲಿನ ಮೇಲೆ, ಬಾಯಿ ತುಂಬ ಸಣ್ಣ ಮೊಳೆ. ಉಳಿದವರು ಮಾತಾಡುವಷ್ಟು ಹೊತ್ತೂ ಅವನು ತುಟಿಯಿಂದ ಒಂದೊಂದೇ ಮೊಳೆ ತೆಗೆದು ಹೊಡೆಯುತ್ತಿದ್ದ. ವಾದದ ಕಾವು ಏರಿ ಇನ್ನೇನು ಕೈ ಕೈ ಮಿಲಾಯಿಸಬೇಕು ಅನ್ನುವಾಗ ಸುತ್ತಿಗೆ ಕೆಳಗಿಟ್ಟು, ಬಾಯಲ್ಲಿದ್ದ ಮೊಳೆಯನ್ನೆಲ್ಲ ಅಂಗೈಗೆ ಉಗುಳಿಕೊಳ್ಳುತ್ತಿದ್ದ. ಅಂದರೆ ಈಗ ಕುಷನಣ್ಣ ಮಾತಾಡುತ್ತಾನೆ ಅಂತ ಅರ್ಥ. ಎಲ್ಲರೂ ಸುಮ್ಮನಾಗುತ್ತಿದ್ದರು. ಆ ಮೌನ ಇದೆಯಲ್ಲ, ಅದು ಅವನ ಆಸ್ತಿ. ಅವನು ಆಟ ಆಡಿದವನಲ್ಲ, ಚಿಕ್ಕಂದಿನಲ್ಲಿ ಕಾಲಿಗೆ ಪೆಟ್ಟಾಗಿ ಸ್ವಲ್ಪ ಎಳೆದು ನಡೆಯುವವನು. ಊರಲ್ಲಿ ಅವನನ್ನು ಬೇರೆ ಯಾವ ವಿಷಯಕ್ಕೂ ಯಾರೂ ಏನೂ ಕೇಳುತ್ತಿರಲಿಲ್ಲ. ಕ್ಲಬ್ಬಿನ ವಿಷಯಕ್ಕೆ ಮಾತ್ರ ಅವನು ಹೇಳಿದ್ದೇ ತೀರ್ಪು.

ಕ್ಲಬ್ಬಿಗೆ ಆಗ ಕೆಟ್ಟ ಕಾಲ. ಕೋಲ್ಡ್ ಸ್ಟೋರೇಜ್ ಇಟ್ಟುಕೊಂಡಿದ್ದ ಅಣ್ಣತಮ್ಮ ಇಬ್ಬರು ಅದನ್ನು ಕೊಂಡುಕೊಂಡಿದ್ದರು. ಜನ ಅವರನ್ನು ದೊಡ್ಡ ಐಸು, ಚಿಕ್ಕ ಐಸು ಅನ್ನುತ್ತಿದ್ದರು. ಬಂದವರೇ ಕಡುನೀಲಿ ಜೆರ್ಸಿ ತೆಗೆದು ತಮ್ಮ ಲಾರಿಗಳ ಬಣ್ಣಕ್ಕೆ ಹೊಂದುವ ಬೂದು ಜೆರ್ಸಿ ತಂದರು. ಅಗ್ಗದ ಸ್ಟ್ಯಾಂಡಿನ ಎದುರಿಗೆ ತಮ್ಮ ಕಂಪನಿಯ ಒಂದು ಭಾರೀ ಬೋರ್ಡು ನಿಲ್ಲಿಸಿದರು. ಆ ಕಡೆ ಕಾರ್ನರ್ ಕಿಕ್ ಆಯಿತೋ ಇಲ್ಲವೋ ಅನ್ನುವುದನ್ನು ಅಲ್ಲಿ ಕೂತವರು ಎದುರು ಸ್ಟ್ಯಾಂಡಿನ ಕೂಗು ಕೇಳಿ ತಿಳಿದುಕೊಳ್ಳಬೇಕಾಯಿತು. ಮ್ಯಾನೇಜರುಗಳನ್ನಂತೂ ಶರ್ಟು ಬದಲಾಯಿಸಿದ ಹಾಗೆ ಬದಲಾಯಿಸಿದರು.

ಅಂಥ ಹೊತ್ತಿನಲ್ಲೇ ಷಡ್ಡಕ ಈ ಊರಿಗೆ ಬಂದ. ಕುಷನಣ್ಣನ ನಾದಿನಿಯ ಗಂಡ, ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್ಕು. ಕಂಪನಿ ಇಲ್ಲಿಗೆ ವರ್ಗ ಮಾಡಿತ್ತು. ಅಕ್ಕತಂಗಿಯರಿಗೆ ಹಿಡಿಸಲಾರದಷ್ಟು ಸಂತೋಷ. ಕುಷನಣ್ಣನ ಜೊತೆಯಲ್ಲೇ ಇದ್ದ ಅತ್ತೆಗೂ ಸಂತೋಷ. ಕಿರಿ ಅಳಿಯ ಬರುತ್ತಾನೆ ಅಂತ ಕಣ್ಣು ಮಂಜಾಗಿದ್ದರೂ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲ ದಿನ ಅವನನ್ನು ಶೆಡ್ಡಿಗೆ ಕರೆದುಕೊಂಡು ಬಂದವನು ಕುಷನಣ್ಣನೇ. ಹೆಗಲ ಮೇಲೆ ಕೈ ಹಾಕಿ, ಇವನು ನಮ್ಮ ಷಡ್ಡಕ ಅಂತ ಎಲ್ಲರಿಗೂ ಪರಿಚಯ ಮಾಡಿಸಿ, ಇದ್ದುದರಲ್ಲಿ ಒಳ್ಳೇ ಸೋಫಾದಲ್ಲಿ ಕೂರಿಸಿದ. ಮಾರನೇ ದಿನದಿಂದಲೇ ಅವನು ಎಲ್ಲರ ಬಾಯಲ್ಲಿ ಲಿಫ್ಟಣ್ಣ ಆದ.

ಅದೇ ವಾರ ಹೊಸ ಮ್ಯಾನೇಜರ್ ನೇಮಕವಾಯಿತು. ಯಾವುದೋ ಸಣ್ಣ ಊರಿನ ತಂಡ ನೋಡಿಕೊಂಡಿದ್ದ ಮನುಷ್ಯ, ಹೆಸರು ಯಾರೂ ಕೇಳಿರಲಿಲ್ಲ. ಫೋಟೋದಲ್ಲಿ ಎರಡೂ ಕೈ ಸ್ವೆಟರಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ. ಅಸೆಂಬ್ಲಿಯಲ್ಲಿ ಗದ್ದಲವೋ ಗದ್ದಲ. ಐಸಿನವರು ಕಡಿಮೆಗೆ ಸಿಕ್ಕಿದವನನ್ನು ತಂದಿದ್ದಾರೆ ಅಂತ ಕಂಡಕ್ಟರು ಅಂದ. ಮೇಷ್ಟ್ರು ಸ್ವಲ್ಪ ದಿನ ನೋಡೋಣ ಅಂದರು. ಕುಷನಣ್ಣ ಮೊಳೆ ಅಂಗೈಗೆ ತೆಗೆದುಕೊಂಡ. ಈ ಮನುಷ್ಯ ಬರೀ ರಬ್ಬರ್ ಸ್ಟ್ಯಾಂಪು, ಐಸಿನವರು ಒತ್ತಿದ ಕಡೆ ಒತ್ತಿಸಿಕೊಳ್ಳುತ್ತಾನೆ ಅಂತ ತೀರ್ಪು ಕೊಟ್ಟ. ಎಲ್ಲರೂ ತಲೆಯಾಡಿಸಿದರು. ಮಾತು ಅಲ್ಲಿಗೆ ಮುಗಿಯಬೇಕಿತ್ತು.

"ಅಣ್ಣ, ಅವರ ಹಳೇ ಟೀಮಿನ ಆಟ ಯಾವತ್ತಾದ್ರೂ ನೋಡಿದೀರಾ?" ಅಂತ ಲಿಫ್ಟಣ್ಣ ಕೇಳಿದ. ಕೆಣಕುವ ದನಿ ಅಲ್ಲ, ಸುಮ್ಮನೆ ಕೇಳಿದ ಅಷ್ಟೆ.

ಕುಷನಣ್ಣ ನೋಡಿರಲಿಲ್ಲ. ಲಿಫ್ಟಣ್ಣ ಇದಕ್ಕೆ ಮೊದಲು ಆ ಊರಿನಲ್ಲೇ ಕೆಲಸಕ್ಕಿದ್ದ. ಅಲ್ಲಿ ಈ ಮ್ಯಾನೇಜರು ಡಿಫೆಂಡರುಗಳ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿ ಓಡಿಸುತ್ತಿದ್ದನಂತೆ, ಒಬ್ಬ ಮುಂದೆ ಹೋದರೆ ಎಲ್ಲರೂ ಹೋಗಬೇಕು ಅಂತ. ಒಂದು ದಿನ ಒಬ್ಬನಿಗೆ ಅರ್ಜೆಂಟಾಗಿ ಬಾತ್‌ರೂಮಿಗೆ ಹೋಗಬೇಕಾಗಿ ಬಂದು, ಹಗ್ಗ ಬಿಚ್ಚಲು ಪುರುಸೊತ್ತಿಲ್ಲದೆ ಉಳಿದವರನ್ನೂ ಎಳೆದುಕೊಂಡು ಓಡಿದ್ದನಂತೆ. ಅದನ್ನು ಲಿಫ್ಟಣ್ಣ ಹೇಳಿದ ರೀತಿಗೆ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೇನಾಯ್ತು, ಆಮೇಲೆ, ಅಂತ ಎಲ್ಲರೂ ಅವನ ಕಡೆ ತಿರುಗಿ ಕೂತರು. ಕುಷನಣ್ಣನ ಅಂಗೈಯಲ್ಲಿ ಮೊಳೆ ಹಾಗೇ ಇತ್ತು. ಅತ್ತ ಯಾರೂ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನು ಅವನ್ನು ಮತ್ತೆ ಬಾಯಿಗೆ ಹಾಕಿಕೊಂಡ.

ಹೊಟ್ಟೆಕಿಚ್ಚು ಒಂದೇ ದಿನಕ್ಕೆ ಹತ್ತಿಕೊಳ್ಳಲಿಲ್ಲ. ಮೊದಮೊದಲು ಕುಷನಣ್ಣನೂ ನಕ್ಕ. ಆದರೆ ಬರುವವರು ಬಾಗಿಲಲ್ಲೇ ನಿಂತು, "ಲಿಫ್ಟಣ್ಣ ಇನ್ನೂ ಬಂದಿಲ್ವಾ?" ಅಂತ ಕೇಳಲು ಶುರು ಮಾಡಿದರು. ಬಂದಿಲ್ಲ ಅಂದರೆ, ಹಾಗಾದರೆ ಆಮೇಲೆ ಬರ್ತೀವಿ ಅಂತ ಹೋದವರೂ ಉಂಟು. ಲಿಫ್ಟಣ್ಣ ಕೂರುತ್ತಿದ್ದ ಸೋಫಾವನ್ನು ಕುಷನಣ್ಣ ಬೇರೆ ಎಲ್ಲ ಕೆಲಸ ಬದಿಗಿಟ್ಟು ಬೇಗ ಮುಗಿಸಿ ಸಾಗಹಾಕಿದ. ಲಿಫ್ಟಣ್ಣ ಬಂದು, ಸೋಫಾ ಇಲ್ಲದ್ದು ನೋಡಿ, ಮೂಲೆಯಲ್ಲಿದ್ದ ಫೋಮಿನ ಸುರುಳಿಯ ಮೇಲೆ ಕೂತ. ಉಳಿದವರು ತಮ್ಮ ತಮ್ಮ ಕುರ್ಚಿ ಎಳೆದುಕೊಂಡು ಮೂಲೆಗೇ ಹೋದರು.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಲಿಫ್ಟಣ್ಣನಿಗೆ ಚಹಾಕ್ಕೆ ಸಕ್ಕರೆ ಜಾಸ್ತಿ ಬೇಕು ಅನ್ನುವುದು ಹೆಂಡತಿಗೆ ನೆನಪಿರುತ್ತಿತ್ತು. ಅತ್ತೆ, ಚಿಕ್ಕವನ ಮಾತು ಕೇಳ್ತಿದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ ಅನ್ನುತ್ತಿದ್ದರು. ಇಷ್ಟು ವರ್ಷ ಇದೇ ಸೂರಿನಡಿ ತಾನು ಆಡಿದ ಮಾತಿಗೆ ಅತ್ತೆಯ ಹೊತ್ತು ಹೋಗಿತ್ತೋ ಇಲ್ಲವೋ ಅಂತ ಕುಷನಣ್ಣ ಕೇಳಲಿಲ್ಲ. ಷಡ್ಡಕ ಒರಟ ಆಗಿದ್ದಿದ್ದರೆ, ಜಂಬದವ ಆಗಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಪ್ರತಿ ಮಾತಿಗೂ ಅಣ್ಣ ಅನ್ನುತ್ತಿದ್ದ, ಭಾರದ ಸೋಫಾ ಎತ್ತಲು ಕೈ ಕೊಡುತ್ತಿದ್ದ. ದೂರಲು ಏನೂ ಸಿಗದಿದ್ದದ್ದೇ ದೊಡ್ಡ ದೂರಾಗಿತ್ತು.

ಇಷ್ಟರ ಮೇಲೆ ತಂಡ ಗೆಲ್ಲತೊಡಗಿತು. ಐಸಿನವರು ತಲೆ ಮೇಲೆ ಹೊತ್ತುಕೊಂಡಿದ್ದ ಸ್ಟ್ರೈಕರನ್ನು ಹೊಸ ಮ್ಯಾನೇಜರು ಮುಲಾಜಿಲ್ಲದೆ ಹೊರಗೆ ಕೂರಿಸಿದ. ಲಿಫ್ಟಣ್ಣ ಹೇಳಿದ ಹಾಗೆಯೇ ಡಿಫೆಂಡರುಗಳು ಒಂದೇ ಸಾಲಿನಲ್ಲಿ ಚಲಿಸತೊಡಗಿದರು. ಕುಷನಣ್ಣ ಮಾತ್ರ ತನ್ನ ಮಾತು ಬಿಡಲಿಲ್ಲ. ಗೆದ್ದರೆ ಎದುರಾಳಿ ದುರ್ಬಲ ಅನ್ನುತ್ತಿದ್ದ, ಡ್ರಾ ಆದರೆ ನೋಡಿದ್ರಾ ಅನ್ನುತ್ತಿದ್ದ. ಅದು ಮ್ಯಾನೇಜರ್ ಮೇಲಿನ ಮಾತಲ್ಲ ಅಂತ ಅವನಿಗೂ ಒಳಗೊಳಗೇ ಗೊತ್ತಿತ್ತು. ಆ ಮ್ಯಾನೇಜರು ಷಡ್ಡಕನ ಮ್ಯಾನೇಜರು. ಅವನು ಗೆದ್ದರೆ ಷಡ್ಡಕ ಗೆದ್ದ ಹಾಗೆ.

ಒಂದು ಮ್ಯಾಚಿನಲ್ಲಿ ಕೊನೇ ಗಳಿಗೆಗೆ ಗೋಲು ಬಿತ್ತು. ಇಡೀ ಸ್ಟ್ಯಾಂಡು ಎದ್ದು ಕುಣಿಯಿತು. ಕುಷನಣ್ಣ ಕೂತೇ ಇದ್ದ. ಪಕ್ಕದಲ್ಲಿದ್ದ ಕಂಡಕ್ಟರು ಅವನ ತೋಳು ಹಿಡಿದು ಎಳೆದ ಮೇಲೆ ಎದ್ದು ಚಪ್ಪಾಳೆ ತಟ್ಟಿದ. ಆ ಒಂದು ಗಳಿಗೆಯಲ್ಲಿ ಅವನಿಗೆ ತನ್ನ ಬಗ್ಗೆ ತನಗೇ ದಿಗಿಲಾಯಿತು. ಅಪ್ಪನ ಹೆಗಲ ಮೇಲೆ ಕೂತು ನೋಡಲು ಶುರು ಮಾಡಿದ ಕ್ಲಬ್ಬು ಅದು. ಚೆಂಡು ಹೊರಗೆ ಹೋಗಲಿ ಅಂತ ಇವತ್ತು ಹಲ್ಲು ಕಚ್ಚಿಕೊಂಡು ಕೂತಿದ್ದ.

ಆ ಹೊತ್ತಿಗೆ ಐಸಿನವರು ಇನ್ನೊಂದು ಕೆಲಸಕ್ಕೆ ಕೈ ಹಾಕಿದರು. ಸ್ಟ್ಯಾಂಡಿನ ಹಿಂದಿದ್ದ ಪ್ರಾಕ್ಟೀಸ್ ಗ್ರೌಂಡನ್ನು ತೆಗೆದು ಅಲ್ಲಿ ಮತ್ತೊಂದು ಕೋಲ್ಡ್ ಸ್ಟೋರೇಜ್ ಕಟ್ಟುತ್ತಾರೆ ಅಂತ ಸುದ್ದಿ ಹಬ್ಬಿತು. ಜನ ರೊಚ್ಚಿಗೆದ್ದರು. ಮುಂದಿನ ಮ್ಯಾಚಿನ ಆರಂಭದಲ್ಲಿ ಅಗ್ಗದ ಸ್ಟ್ಯಾಂಡಿನವರೆಲ್ಲ ಮೈದಾನಕ್ಕೆ ಬೆನ್ನು ತಿರುಗಿಸಿ ನಿಂತರು. ಪೇಪರಿನಲ್ಲಿ ಫೋಟೋ ಬಂತು. ಅಣ್ಣತಮ್ಮ ಇಬ್ಬರಿಗೂ ಅದು ಚುರುಕು ಮುಟ್ಟಿಸಿರಬೇಕು. ಅಭಿಮಾನಿಗಳ ಕಡೆಯಿಂದ ಒಬ್ಬರು ಬಂದು ಮಾತಾಡಲಿ ಅಂತ ಹೇಳಿ ಕಳಿಸಿದರು.

ಯಾರು ಹೋಗಬೇಕು ಅಂತ ತೀರ್ಮಾನಿಸಲು ಎಲ್ಲರೂ ಕುಷನಣ್ಣನ ಶೆಡ್ಡಿನಲ್ಲೇ ಸೇರಿದರು. ಅವತ್ತು ಅವನು ಬಾಯಿಗೆ ಮೊಳೆ ಹಾಕಿಕೊಂಡಿರಲಿಲ್ಲ. ಒಗೆದ ಶರ್ಟು ಹಾಕಿಕೊಂಡು, ಏನೇನು ಹೇಳಬೇಕು ಅಂತ ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ. ಮೊದಲು ಬಾಯಿ ತೆಗೆದವನು ಕಂಡಕ್ಟರು.

"ಲಿಫ್ಟಣ್ಣನೇ ಹೋಗ್ಲಿ. ಅವರಾದ್ರೆ ಸಮಾಧಾನವಾಗಿ ಮಾತಾಡ್ತಾರೆ. ನಾವು ಹೋದ್ರೆ ಜಗಳ ಆಗುತ್ತೆ."

ಸುತ್ತಲೂ ಕೈ ಮೇಲೆದ್ದವು. ಕುಷನಣ್ಣನ ಸೋಫಾಗಳಲ್ಲಿ ಕೂತು, ಕುಷನಣ್ಣನ ಮನೆಯ ಚಹಾ ಕುಡಿಯುತ್ತಲೇ ಎಲ್ಲರೂ ಕೈ ಎತ್ತಿದರು. ಮೇಷ್ಟ್ರು ಒಬ್ಬರೇ ಒಂದು ಸಲ ಕುಷನಣ್ಣನ ಮುಖ ನೋಡಿ ಆಮೇಲೆ ಎತ್ತಿದರು. ಕುಷನಣ್ಣನೂ ಎತ್ತಿದ. ಎತ್ತದೆ ಇನ್ನೇನು ಮಾಡುತ್ತಾನೆ, ಷಡ್ಡಕ ಮನೆಯವನೇ ಅಲ್ಲವೇ?

ಎರಡು ದಿನ ಕಳೆದ ಮೇಲೆ ಅವನು ರೆಕ್ಸಿನ್ ತರಲು ಪೇಟೆಗೆ ಹೊರಟಿದ್ದ. ಬಸ್ಸಿನಲ್ಲಿ ಕಂಡಕ್ಟರು ಸಿಕ್ಕಿದ. ಟಿಕೆಟ್ ಕೊಟ್ಟು ಮುಗಿಸಿ ಪಕ್ಕದಲ್ಲಿ ಬಂದು ನಿಂತು, ನಿಮ್ಮ ಷಡ್ಡಕ ನಮಗೆ ಸಿಕ್ಕಿದ್ದು ಪುಣ್ಯ, ಐಸಿನವರ ಆಫೀಸಿನಲ್ಲಿ ಅವರು ಹೇಗೆ ಮಾತಾಡ್ತಾರೋ ನೋಡಬೇಕು ಅಂದ.

"ಆ ಆಫೀಸು ಅವನಿಗೆ ಹೊಸದಲ್ಲ ಬಿಡು," ಅಂದ ಕುಷನಣ್ಣ. "ತಿಂಗಳು ತಿಂಗಳು ಹೋಗಿ ಬರ್ತಾನೆ."

"ಐಸಿನವರ ಆಫೀಸಿಗಾ? ಯಾಕೆ?"

"ಯಾಕೋ. ನಂಗೆ ಹೇಳ್ತಾನಾ?"

ಅಷ್ಟು ಹೇಳಿ ಕಿಟಕಿಯ ಹೊರಗೆ ನೋಡಿದ. ಯಾಕೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಣ್ಣತಮ್ಮನ ಆಫೀಸು ಇರುವ ಕಟ್ಟಡದ ಲಿಫ್ಟಿಗೆ ಎಣ್ಣೆ ಹಾಕಿ, ತಂತಿ ನೋಡಿ ಬರುವುದು ಷಡ್ಡಕನ ಕಂಪನಿಯ ಕೆಲಸ. ದೊಡ್ಡ ಐಸಿಗೆ ಲಿಫ್ಟ್ ಅಂದರೆ ಭಯ, ಆ ಭಾರೀ ಮೈ ಹೊತ್ತುಕೊಂಡು ಮೆಟ್ಟಿಲೇ ಹತ್ತುತ್ತಾನೆ ಅಂತ ಷಡ್ಡಕನೇ ಒಂದು ದಿನ ಊಟಕ್ಕೆ ಕೂತಾಗ ಹೇಳಿ ನಗಿಸಿದ್ದ. ಕುಷನಣ್ಣ ಸುಳ್ಳು ಹೇಳಿರಲಿಲ್ಲ. ಲಿಫ್ಟ್ ಅನ್ನುವ ಒಂದು ಪದವನ್ನು ನುಂಗಿಕೊಂಡಿದ್ದ ಅಷ್ಟೆ.

ಬಸ್ಸು ಓಡುವ ದಾರಿಯಲ್ಲೆಲ್ಲ ಆ ಮಾತೂ ಓಡಿತು. ಹೋದಲ್ಲೆಲ್ಲ ಅದಕ್ಕೆ ಕೈಕಾಲು ಮೂಡಿತು. ಲಿಫ್ಟಣ್ಣ ಐಸಿನವರ ಮನುಷ್ಯನಂತೆ, ಅವರೇ ಅವನನ್ನು ಈ ಊರಿಗೆ ಹಾಕಿಸಿಕೊಂಡಿದ್ದಂತೆ, ಅದಕ್ಕೇ ಅವರು ತಂದ ಮ್ಯಾನೇಜರನ್ನು ಅಷ್ಟು ಹೊಗಳುತ್ತಿದ್ದನಂತೆ. ಮುಂದಿನ ಮ್ಯಾಚಿಗೆ ಅವನು ಎಂದಿನ ಹಾಗೆ ಬಂದು ಕೂತಾಗ ಆಚೆಈಚೆ ಕೂತಿದ್ದವರು ಎದ್ದು ದೂರ ಹೋದರು. ಹಿಂದಿನ ಸಾಲಿನಿಂದ ಯಾರೋ ಅವನ ಬೆನ್ನ ಮೇಲೆ ಚಹಾ ಚೆಲ್ಲಿದರು. ಖಾಲಿ ಬೆಂಚಿನ ನಡುವೆ ಅವನು ಹಾಫ್ ಟೈಮಿನವರೆಗೆ ಒಬ್ಬನೇ ಕೂತಿದ್ದು, ಆಮೇಲೆ ಎದ್ದು ಹೋದ. ಕುಷನಣ್ಣ ಎರಡು ಸಾಲು ಮೇಲೆ ಕೂತು ಆ ಒದ್ದೆ ಬೆನ್ನನ್ನೇ ನೋಡುತ್ತಿದ್ದ. ಮನಸ್ಸಿಗೆ ತಂಪಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಆದರೆ ಅಷ್ಟು ಜನ ಉಗಿದರೂ ತಲೆ ತಗ್ಗಿಸದೆ ಹೋದನಲ್ಲ ಅಂತ ಅದಕ್ಕೂ ಹೊಟ್ಟೆ ಉರಿಯಿತು.

ಮಾರನೇ ದಿನ ಬೆಳಿಗ್ಗೆ ಲಿಫ್ಟಣ್ಣ ಮನೆಗೆ ಬಂದ. ಕೂರಲಿಲ್ಲ.

"ಅಣ್ಣ, ನಾನು ಅಲ್ಲಿಗೆ ಯಾಕೆ ಹೋಗ್ತೀನಿ ಅಂತ ನಿಮಗೆ ಗೊತ್ತಲ್ಲ. ನಾನು ಹೇಳಿದ್ರೆ ಯಾರೂ ಕೇಳಲ್ಲ. ನೀವು ಒಂದು ಮಾತು ಹೇಳಿ."

"ಹೇಳ್ತೀನಿ," ಅಂದ ಕುಷನಣ್ಣ. "ಈಗ ಎಲ್ಲರ ತಲೆ ಬಿಸಿ ಇದೆ. ಸ್ವಲ್ಪ ತಣ್ಣಗಾಗ್ಲಿ."

ಅವನು ಹೇಳಲಿಲ್ಲ. ಇವತ್ತು ಬೇಡ, ನಾಳೆ ಅಂದುಕೊಂಡ. ಹೆಂಡತಿ ಹೊಲಿಗೆ ಮಿಷನ್ ತುಳಿಯುತ್ತಲೇ, ಈ ಮಾತು ಎಲ್ಲಿಂದ ಹುಟ್ಟಿತು, ನೀವೇನಾದರೂ ಅಂದಿರಾ ಅಂತ ಕೇಳಿದಳು.

"ನಾನು ಸುಳ್ಳೇನೂ ಹೇಳಿಲ್ಲ."

ಅವಳ ಕಾಲು ನಿಂತಿತು. ಮಿಷನ್ನಿನ ಸದ್ದೂ ನಿಂತಿತು. ಸೂಜಿಯಿಂದ ದಾರ ಕತ್ತರಿಸಿ, ಅರ್ಧ ಹೊಲಿದ ಕವರ್ ಮಡಿಸಿಟ್ಟು ಒಳಗೆ ಹೋದಳು. ಅವತ್ತಿನಿಂದ ಅವಳು ತಂಗಿಯ ಮನೆಗೆ ಒಬ್ಬಳೇ ಹೋಗತೊಡಗಿದಳು. ತಂಗಿ ಇವರ ಮನೆಗೆ ಬರುವುದನ್ನು ಬಿಟ್ಟಳು.

ಐಸಿನವರ ಜೊತೆ ಮಾತಾಡಲು ಈಗ ಬೇರೆ ಯಾರಾದರೂ ಹೋಗಬೇಕಾಯಿತು. ಎಲ್ಲರೂ ಕುಷನಣ್ಣನ ಹೆಸರು ಹೇಳಿದರು. ಪ್ರಾಕ್ಟೀಸ್ ಗ್ರೌಂಡು ಮುಟ್ಟಬಾರದು, ಸ್ಟ್ಯಾಂಡಿನ ಎದುರಿನ ಬೋರ್ಡು ತೆಗೆಯಬೇಕು, ಕಡುನೀಲಿ ಜೆರ್ಸಿ ವಾಪಸ್ ಬರಬೇಕು. ಈ ಮೂರು ಮಾತು ಬಿಟ್ಟು ಬೇರೇನೂ ಆಡಬೇಡ ಅಂತ ಮೇಷ್ಟ್ರು ಎರಡೆರಡು ಸಲ ಹೇಳಿ ಕಳಿಸಿದರು.

ಆ ಕಟ್ಟಡಕ್ಕೆ ಹೋದಾಗ ಲಿಫ್ಟು ಕೆಳಗೇ ಬಾಗಿಲು ತೆರೆದುಕೊಂಡು ನಿಂತಿತ್ತು. ಕುಷನಣ್ಣನಿಗೆ ಅದರೊಳಗೆ ಕಾಲಿಡಲಾಗಲಿಲ್ಲ. ಎಳೆಯುವ ಕಾಲು ಹೊತ್ತುಕೊಂಡು ಮೆಟ್ಟಿಲು ಹತ್ತತೊಡಗಿದ. ಎರಡನೇ ಮಹಡಿಯ ತಿರುವಿನಲ್ಲಿ ಒಬ್ಬ ದಪ್ಪ ಮನುಷ್ಯ ಕಂಬಿ ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದ. ನೋಡಿದರೆ ದೊಡ್ಡ ಐಸು. ನೀವೂ ಲಿಫ್ಟ್ ಹತ್ತಲ್ವಾ ಅಂತ ಅವನು ಸಂತೋಷದಿಂದ ಕೇಳಿದ. ಇಬ್ಬರೂ ನಿಂತು ನಿಂತು, ಮಂಡಿ ನೋವಿನ ವಿಷಯ ಮಾತಾಡಿಕೊಂಡು ಹತ್ತಿದರು. ಸ್ಟ್ಯಾಂಡಿನಲ್ಲಿ ನಿಂತು ಇದೇ ಮನುಷ್ಯನನ್ನು ಬಾಯಿಗೆ ಬಂದ ಹಾಗೆ ಬಯ್ದಿದ್ದವನಿಗೆ ಈಗ ಅವನ ಬೆವರು ನೋಡಿ ಸಿಟ್ಟು ಬರಲಿಲ್ಲ. ಬದಲಿಗೆ, ಊರಿಗೇ ದೊಡ್ಡವನಾದವನು ತನ್ನ ಜೊತೆ ಮಾತಾಡುತ್ತಿದ್ದಾನೆ ಅಂತ ಒಳಗೊಳಗೆ ಹಿಗ್ಗಾಯಿತು.

ಆಫೀಸಿನಲ್ಲಿ ಒಳ್ಳೇ ಬೆಲೆಯ ಸೋಫಾ. ಕೂತ ಕೂಡಲೇ ಒಳಗಿನ ಫೋಮು ಅಗ್ಗದ್ದು ಅಂತ ಅವನಿಗೆ ತಿಳಿಯಿತು, ಹೇಳಲಿಲ್ಲ. ಚಿಕ್ಕ ಐಸು ಎದುರಿಗೆ ಕೂತಿದ್ದ. ಗ್ರೌಂಡಿನ ಮಾತಿಗೆ ನೋಡೋಣ ಅಂದ. ಬೋರ್ಡಿನ ಮಾತಿಗೂ ನೋಡೋಣ. ಜೆರ್ಸಿಯ ಮಾತಿಗೆ ಅಣ್ಣನ ಮುಖ ನೋಡಿ ಮುಗುಳ್ನಕ್ಕ. ಕುಷನಣ್ಣ ಎದ್ದು ಹೊರಡಬೇಕು, ಆಗ ಚಿಕ್ಕ ಐಸು ಕೇಳಿದ.

"ಮ್ಯಾನೇಜರ್ ಬಗ್ಗೆ ನಿಮ್ಮ ಅಭಿಪ್ರಾಯ ಏನು? ನಿಮ್ಮಂಥ ಹಳಬರು ಹೇಳಿದ್ರೆ ನಮಗೆ ಗೊತ್ತಾಗುತ್ತೆ."

ಇಬ್ಬರೂ ಅವನ ಮುಖವನ್ನೇ ನೋಡುತ್ತಾ ಕಾದರು. ಎಷ್ಟೋ ತಿಂಗಳಿಂದ ಅವನ ಮಾತಿಗೆ ಯಾರೂ ಹೀಗೆ ಕಾದಿರಲಿಲ್ಲ. ಕುಷನಣ್ಣ ಸೋಫಾದಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕೂತ. ಮೇಷ್ಟ್ರು ಹೇಳಿದ್ದು ನೆನಪಿಗೆ ಬಂತು. ಅದರ ಹಿಂದೆಯೇ, ಫೋಮಿನ ಸುರುಳಿಯ ಮೇಲೆ ಕೂತು ನಗಿಸುವ ಷಡ್ಡಕನ ಮುಖವೂ ಬಂತು.

"ಅಭಿಮಾನಿಗಳಿಗೆ ಅವನು ಬೇಡ," ಅಂದ.

ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡ ಐಸು ಎದ್ದು ಬಂದು ಅವನ ಕೈ ಕುಲುಕಿದ.

ಅದೇ ವಾರ ಕ್ಲಬ್ಬು ಪ್ರಕಟಣೆ ಹೊರಡಿಸಿತು. ಅಭಿಮಾನಿಗಳ ಪ್ರತಿನಿಧಿ ತಿಳಿಸಿದ ಅಭಿಪ್ರಾಯಕ್ಕೆ ಬೆಲೆ ಕೊಟ್ಟು ಮ್ಯಾನೇಜರನ್ನು ಬಿಡುಗಡೆ ಮಾಡಲಾಗಿದೆ ಅಂತ. ಕುಷನಣ್ಣ ಪೇಪರು ಬಿಡಿಸಿ ಇನ್ನೊಂದು ಸಲ ಓದಿದ. ತನ್ನ ಮಾತಿಗೆ ಇಷ್ಟು ತೂಕ ಇದೆಯೇ ಅಂತ ಬೆರಗು. ಆ ಬೆರಗು ಸಂಜೆಯವರೆಗೂ ಉಳಿಯಲಿಲ್ಲ. ಹೊರಡುವ ಮುಂಚೆ ಮ್ಯಾನೇಜರು ಪೇಪರಿನವರಿಗೆ ನಾಲ್ಕು ಮಾತು ಹೇಳಿ ಹೋಗಿದ್ದ. ಪ್ರಾಕ್ಟೀಸ್ ಗ್ರೌಂಡು ಹೋದರೆ ತಂಡ ಉಳಿಯಲ್ಲ ಅಂತ ಅವನು ಮಾಲೀಕರ ಜೊತೆ ತಿಂಗಳಿಂದ ಜಗಳ ಆಡುತ್ತಿದ್ದ. ಅವನನ್ನು ತೆಗೆಯಬೇಕು ಅಂತ ಅವರು ಕಾದಿದ್ದರು. ಸುಮ್ಮನೆ ತೆಗೆದರೆ ಜನ ಸುಮ್ಮನಿರುವುದಿಲ್ಲ ಅಂತ ಒಂದು ನೆಪ ಬೇಕಿತ್ತು. ಆ ನೆಪ ತಾನಾಗಿ ಮೆಟ್ಟಿಲು ಹತ್ತಿಕೊಂಡು ಹೋಗಿತ್ತು.

ಸಂಜೆ ಶೆಡ್ಡಿಗೆ ಎಲ್ಲರೂ ಬಂದರು. ಯಾರೂ ಕೂರಲಿಲ್ಲ. ಯಾರೂ ಕಿರುಚಲೂ ಇಲ್ಲ. ಅವರು ನನ್ನ ಮಾತನ್ನು ತಿರುಚಿದ್ದಾರೆ ಅಂತ ಕುಷನಣ್ಣ ಏನೇನೋ ಹೇಳಲು ಹೋದ. ಮೇಷ್ಟ್ರು ಅವನನ್ನು ತಡೆದರು.

"ನಾವು ಹೇಳಿ ಕಳಿಸಿದ್ರಲ್ಲಿ ಮ್ಯಾನೇಜರ್ ವಿಷಯ ಇತ್ತೇನಪ್ಪ?"

"ಇರ್ಲಿಲ್ಲ."

ಅವರು ತಲೆಯಾಡಿಸಿ ಹೊರಗೆ ನಡೆದರು. ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಹೋದರು. ಕಂಡಕ್ಟರು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಬಸ್ಸಿನಲ್ಲಿ ಹೇಳಿದ್ದೂ ಹಿಂಗೇನಾ ಅಂತ ಕೇಳಿದ. ಕೇಳಿ ಹೊರಟುಹೋದ.

ಪ್ರಾಕ್ಟೀಸ್ ಗ್ರೌಂಡಿಗೆ ಬೇಲಿ ಬಿತ್ತು. ತಂಡ ಮತ್ತೆ ಸೋಲುತ್ತಾ ಕೆಳಗಿಳಿಯಿತು. ಶೆಡ್ಡಿನಲ್ಲಿ ಈಗ ಸುತ್ತಿಗೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕೆಲಸ ಹೇಳಿದ ದಿನಕ್ಕೇ ಮುಗಿಯತೊಡಗಿ ಗಿರಾಕಿಗಳಿಗೆ ಆಶ್ಚರ್ಯ. ಕಂಡಕ್ಟರು, ಮೇಷ್ಟ್ರು ಲಿಫ್ಟಣ್ಣನ ಮನೆಗೇ ಹೋಗಿ ತಪ್ಪಾಯಿತು ಅಂತ ಕೇಳಿಕೊಂಡರಂತೆ. ಈಗ ಅಸೆಂಬ್ಲಿ ಅಲ್ಲೇ ಸೇರುತ್ತದೆ, ಮನೆ ಮುಂದಿನ ಜಗಲಿಯಲ್ಲಿ. ಇದನ್ನೆಲ್ಲ ಹೆಂಡತಿ ಯಾರಿಗೋ ಹೇಳಿದ ಹಾಗೆ ಗೋಡೆ ನೋಡಿಕೊಂಡು ಹೇಳಿದಳು.

ಒಂದು ಭಾನುವಾರ ಕುಷನಣ್ಣ ಬೇರೆ ಕೆಲಸ ಇರುವವನ ಹಾಗೆ ಆ ಬೀದಿಯಲ್ಲಿ ನಡೆದು ಹೋದ, ಎದುರು ಬದಿಯಲ್ಲಿ. ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಲ್ಲರೂ ಕೂತಿದ್ದರು. ಲಿಫ್ಟಣ್ಣ ಏನೋ ಹೇಳುತ್ತಿದ್ದ, ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಆ ಕುರ್ಚಿಯಲ್ಲಿ ಅಷ್ಟು ಹೊತ್ತು ಕೂತರೆ ಬೆನ್ನು ನೋಯುವುದಿಲ್ಲವೇ ಇವರಿಗೆ ಅಂತ ಕುಷನಣ್ಣ ಅಂದುಕೊಂಡ. ಯಾರಿಗೂ ನೋಯುತ್ತಿರುವ ಹಾಗೆ ಕಾಣಲಿಲ್ಲ.

ಮಳೆಗಾಲ ಕಳೆದ ಮೇಲೆ ಅತ್ತೆಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. ಅವತ್ತು ಅಕ್ಕತಂಗಿ ಇಬ್ಬರೂ ಅತ್ತೆಯ ಜೊತೆ ಒಳಗೆ ಹೋದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಇದ್ದದ್ದು ಒಂದೇ ಬೆಂಚು. ಇಬ್ಬರು ಷಡ್ಡಕರೂ ಅದರ ಎರಡು ತುದಿಯಲ್ಲಿ ಕೂತರು. ಎದುರು ಗೋಡೆಯ ಟಿವಿಯಲ್ಲಿ ದನಿ ಇಲ್ಲದೆ ಒಂದು ಮ್ಯಾಚ್ ಓಡುತ್ತಿತ್ತು. ಬೇರೆ ಊರಿನ ಬೇರೆ ತಂಡ. ಗೆರೆಯ ಪಕ್ಕದಲ್ಲಿ ಸ್ವೆಟರಿನ ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದವನನ್ನು ಇಬ್ಬರೂ ಒಟ್ಟಿಗೇ ಗುರುತು ಹಿಡಿದರು.

ಇವತ್ತು ಹೇಳಿಬಿಡಬೇಕು ಅಂತ ಕುಷನಣ್ಣ ನಿರ್ಧಾರ ಮಾಡಿಕೊಂಡೇ ಬಂದಿದ್ದ. ಎಷ್ಟೋ ದಿನದಿಂದ ಆ ಮಾತನ್ನು ಹಿಂದೆಮುಂದೆ ಮಾಡಿ ಜೋಡಿಸಿಟ್ಟಿದ್ದ. ತಾನು ಹೇಳುತ್ತೇನೆ, ಷಡ್ಡಕ ಬೆಚ್ಚಿಬೀಳುತ್ತಾನೆ, ಬಯ್ಯುತ್ತಾನೆ, ತಾನು ಬಯ್ಯಿಸಿಕೊಳ್ಳುತ್ತೇನೆ. ಗಂಟಲು ಸರಿಮಾಡಿಕೊಂಡ.

"ಅವತ್ತು ಬಸ್ಸಿನಲ್ಲಿ..."

"ಗೊತ್ತು ಅಣ್ಣ," ಅಂದ ಲಿಫ್ಟಣ್ಣ, ಟಿವಿಯಿಂದ ಕಣ್ಣು ತೆಗೆಯದೆ. "ಅಕ್ಕ ಆವಾಗ್ಲೇ ಬಂದು ಹೇಳಿದ್ರು."

ಕುಷನಣ್ಣ ಅವನ ಕಡೆ ತಿರುಗಿದ. "ಗೊತ್ತಿದ್ದೂ ಸುಮ್ಮನಿದ್ಯಾ?"

"ಕತ್ತಿನಪಟ್ಟಿ ಹಿಡಿದು ಕೇಳಬೇಕು ಅನ್ನಿಸಿತ್ತು. ಈಗ್ಲೂ ಒಂದೊಂದು ದಿನ ಅನ್ಸುತ್ತೆ. ಅಕ್ಕನ ಮುಖ ನೋಡಿ ಸುಮ್ಮನಾಗ್ತೀನಿ." ಆಮೇಲೆ ಟಿವಿ ಬಿಟ್ಟು ಇವನ ಕಡೆ ನೋಡಿದ. "ಭಾನುವಾರ ಬನ್ನಿ ಅಂತ ನಾನು ಕರೆಯಲ್ಲ. ಬಂದ್ರೆ ಬೇಡ ಅನ್ನಲ್ಲ."

ಕುಷನಣ್ಣ ತಲೆ ತಗ್ಗಿಸಿದ. ನಾಚಿ ತಗ್ಗಿಸಿದ್ದು ನಿಜ. ಅದರ ಜೊತೆ ಇನ್ನೊಂದೂ ಇತ್ತು. ಅಷ್ಟು ಕಷ್ಟಪಟ್ಟು ಜೋಡಿಸಿದ್ದ ಒಂದೇ ಒಂದು ಒಳ್ಳೇ ಮಾತನ್ನೂ ಆಡಲು ಬಿಡದೆ, ಅಲ್ಲೂ ಇವನೇ ಮುಂದಾದನಲ್ಲ ಅಂತ ಆ ಗಳಿಗೆಯಲ್ಲೂ ಎದೆಯಲ್ಲಿ ಚುರ್ ಅಂದಿತು.

ನರ್ಸು ಬಂದು ಅತ್ತೆಯನ್ನು ಕರೆದುಕೊಂಡು ಹೋಗಬಹುದು ಅಂದಳು. ಇಬ್ಬರೂ ಎದ್ದರು. ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಇನ್ನೊಂದರಲ್ಲಿ ಮಂಜು ತುಂಬಿಕೊಂಡು ಅತ್ತೆ ಬಾಗಿಲಿಗೆ ಬಂದು ಕೈ ಚಾಚಿದರು. ಸಿಕ್ಕಿದ್ದು ಕುಷನಣ್ಣನ ಕೈ.

"ಯಾರು, ಚಿಕ್ಕವನಾ?"

"ಅಲ್ಲ ಅತ್ತೆ. ನಾನು."

"ನೀನಾ," ಅಂದರು ಅತ್ತೆ. ಕೈ ಬಿಡಲಿಲ್ಲ. "ನಿಧಾನ ನಡಿ. ನಿಂಗೂ ಕಾಲು ಸರಿ ಇಲ್ಲ."

ಹೊರಗೆ ಬಂದರೆ ಟ್ಯಾಕ್ಸಿಯಲ್ಲಿ ನಾಲ್ಕೇ ಜನಕ್ಕೆ ಜಾಗ. ಹಿಂದೆ ಅತ್ತೆಯ ಆಚೆಈಚೆ ಅಕ್ಕತಂಗಿ ಕೂತರು. ನೀವು ಹತ್ತಿ ಅಣ್ಣ, ನಾನು ಬಸ್ಸಿಗೆ ಬರ್ತೀನಿ ಅಂತ ಲಿಫ್ಟಣ್ಣ ಮುಂದಿನ ಬಾಗಿಲು ತೆಗೆದುಕೊಟ್ಟ. ಕುಷನಣ್ಣ ಹತ್ತಿ ಕೂತ. ಟ್ಯಾಕ್ಸಿ ರಸ್ತೆಗೆ ತಿರುಗುವಾಗ ಪಕ್ಕದ ಕನ್ನಡಿಯಲ್ಲಿ ಬಸ್ ಸ್ಟಾಪು ಕಂಡಿತು. ಷಡ್ಡಕ ಅಷ್ಟರಲ್ಲೇ ಯಾರೋ ಗುರುತಿಲ್ಲದವನ ಜೊತೆ ಮಾತಿಗೆ ನಿಂತಿದ್ದ. ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಏನು ಹೇಳಿರಬಹುದು ಅಂತ ಕುಷನಣ್ಣ ಮನೆ ಮುಟ್ಟುವವರೆಗೂ ಯೋಚಿಸಿದ.